ಘಟಪ್ರಭಾ ದಂಡೆಯ ಇತಿಹಾಸ

ಯುರೋಪಿನಲ್ಲಿ ಹಡಗಿನಲ್ಲಿ ನದಿಗುಂಟ ಸಾಗುತ್ತ, ದಂಡೆಯ ಮೇಲಿನ ಹಳೆಯ ಪಟ್ಟಣಗಳನ್ನು ಒಂದೊಂದಾಗಿ ನೋಡುವ ಪ್ರವಾಸ ಬಹಳ ಪ್ರಸಿದ್ಧ. ರೈನ್, ಡ್ಯಾನ್ಯೂಬ್ ನದಿಗಳಲ್ಲಿ ಇಂಥ ಹಡಗುಗಳು ಸಾಲುಸಾಲಾಗಿ ಓಡಾಡುತ್ತವೆ. ನಮ್ಮ ಘಟಪ್ರಭೆಯಲ್ಲಿ ಹಡಗು ನಡೆಯಲಾರದು. ಹಿಡಕಲ್‌ನಲ್ಲಿ ಅಣೆಕಟ್ಟು, ಧೂಪದಾಳದಲ್ಲಿ ಒಡ್ಡು, ಅದನ್ನು ದಾಟಿದರೆ ಗೋಕಾಕ ಫಾಲ್ಸ್. ಆದರೆ ಕೆಂಪು ಬಸ್ಸಿನಲ್ಲಿ ಕುಳಿತು ಹುಕ್ಕೇರಿಯಿಂದ ಮೂಡಲಗಿಯವರೆಗೆ ಬಂದರೂ ಸಾಕು, ಹೊಳೆ ನಮ್ಮ ಇತಿಹಾಸವನ್ನು ತೋರಿಸುತ್ತದೆ.

ಹುಕ್ಕೇರಿಯಲ್ಲಿ ಬಿಜಾಪುರದ ಆದಿಲ್‌ಶಾಹಿ ಕಾಲದ ಗುಮ್ಮಟಗಳಿವೆ. ಅದೇ ತಾಲೂಕಿನ ಹಿಡಕಲ್‌ನಲ್ಲಿ ರಾಜಾ ಲಖಮಗೌಡ ಜಲಾಶಯ ಸುಮಾರು 51 ಟಿಎಂಸಿ ನೀರು ಹಿಡಿಯುತ್ತದೆ. ನಮ್ಮ ಕಬ್ಬು, ಗೋವಿನಜೋಳಕ್ಕೆ ಇದೇ ಆಧಾರ. ಆ ನೀರಿಗಾಗಿ ಊರು ಬಿಟ್ಟವರನ್ನೂ ನೆನೆಯಬೇಕು. ನೀರು ತೀರ ತಗ್ಗಿದ ಬೇಸಿಗೆಯಲ್ಲಿ ಹುನ್ನೂರಿನ ವಿಠ್ಠಲನ ಗುಡಿ ಮೇಲೆ ಕಾಣಿಸುತ್ತದೆ. ಜನ ಹೋಗಿ ಕೈಮುಗಿದು ಬರುತ್ತಾರೆ.

ಗೋಕಾಕ ಫಾಲ್ಸಿನಲ್ಲಿ ಹೊಳೆ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತದೆ. ದಂಡೆಯ ಮೇಲೆ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ಗುಡಿ, ಪಕ್ಕದಲ್ಲಿ ತೂಗುಸೇತುವೆ, ಅಲ್ಲೇ ಹತ್ತಿ ನೂಲುವ ಮಿಲ್ಲು. 1880ರ ದಶಕದಲ್ಲಿ ಶುರುವಾದ ಈ ಮಿಲ್ಲು ಬೀಳುವ ನೀರಿನ ಬಲದಿಂದಲೇ ಯಂತ್ರ ತಿರುಗಿಸಿತು. ಒಂದೇ ಕಡೆ ನಿಂತು ದೇವರು, ಯಂತ್ರ, ನೀರು ಮೂರನ್ನೂ ನೋಡಬಹುದು.

ಗೋಕಾಕ ಎಂದರೆ ಹೊರಗಿನವರಿಗೆ ಕರದಂಟು ಮತ್ತು ಬಣ್ಣದ ಕಟ್ಟಿಗೆ ಗೊಂಬೆ. ನಮಗೆ ಅಷ್ಟೇ ಅಲ್ಲ. ಬೆಟಗೇರಿ ಕೃಷ್ಣಶರ್ಮರು, ಬಸವರಾಜ ಕಟ್ಟೀಮನಿಯವರು ಈ ನೆಲದವರು. ಮೂಡಲಗಿ ಕಡೆಗೆ ಹೊರಳಿದರೆ ಶ್ರೀಕೃಷ್ಣ ಪಾರಿಜಾತವನ್ನು ಬೆಳೆಸಿದ ಕುಲಗೋಡ ತಮ್ಮಣ್ಣನ ಊರು ಸಿಗುತ್ತದೆ.

ಇಷ್ಟೆಲ್ಲ ಕೊಟ್ಟ ಹೊಳೆ ಕಸಿದುಕೊಂಡದ್ದೂ ಉಂಟು. 2019ರ ಆಗಸ್ಟ್‌ನಲ್ಲಿ ಲೋಳಸೂರ ಸೇತುವೆ ಮುಳುಗಿತು, ಗೋಕಾಕ ಪಟ್ಟಣದ ಓಣಿಗಳಲ್ಲಿ ನೀರು ನಿಂತಿತು, ದಂಡೆಯ ಹಳ್ಳಿಗಳ ಜನ ದನಕರು ಕಟ್ಟಿಕೊಂಡು ಊರು ಬಿಟ್ಟರು. 2021ರ ಜುಲೈನಲ್ಲಿ ಮತ್ತೆ ಮಹಾಪೂರ. ಹಿಡಕಲ್‌ನಿಂದ ಬಿಟ್ಟ ನೀರಷ್ಟೇ ಇದಕ್ಕೆ ಕಾರಣವಲ್ಲ. ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳೂ ಘಟಪ್ರಭೆಯನ್ನು ಸೇರುತ್ತವೆ. ಮೂರೂ ಒಟ್ಟಿಗೆ ತುಂಬಿ ಬಂದಾಗ ಗೋಕಾಕಕ್ಕೆ ಗಂಡಾಂತರ.

ಡ್ಯಾನ್ಯೂಬ್ ದಂಡೆಯ ಪಸ್ಸಾವ್ ಎಂಬ ಜರ್ಮನ್ ಪಟ್ಟಣದ್ದೂ ಇಂಥದೇ ಕಥೆ. ಅಲ್ಲಿಯೂ ಮೂರು ನದಿಗಳು ಕೂಡುತ್ತವೆ. ಹಡಗಿನ ಪ್ರವಾಸಿಗರು ಇಳಿಯುವುದೂ ಅಲ್ಲೇ. ಆ ಊರಿನ ಹಳೆಯ ಪುರಭವನದ ಗೋಡೆಯ ಮೇಲೆ ಯಾವ ವರ್ಷ ನೀರು ಎಲ್ಲಿಯವರೆಗೆ ಏರಿತ್ತು ಎಂದು ಗುರುತು ಹಾಕಿದ್ದಾರೆ. 1501ರ ಗುರುತೂ ಇದೆ, 2013ರದೂ ಇದೆ. ಐನೂರು ವರ್ಷಗಳ ಮಹಾಪೂರವನ್ನು ದಾರಿಹೋಕನೂ ಓದಬಹುದು. ಮನೆ ಕಟ್ಟುವವನಿಗೆ ಅಡಿಪಾಯ ಎಲ್ಲಿ ಹಾಕಬೇಕೆಂದು ಆ ಗೋಡೆಯೇ ಹೇಳುತ್ತದೆ.

ನಮ್ಮಲ್ಲಿ 2019ರ ನೀರಿನ ಕಲೆ ಇದ್ದ ಗೋಡೆಗಳಿಗೆ ಸುಣ್ಣ ಬಳಿದಾಗಿದೆ. ಬಿದ್ದ ಮಣ್ಣಿನ ಮನೆಗಳ ಜಾಗದಲ್ಲಿ ಹೊಸ ಮನೆಗಳು ಎದ್ದಿವೆ. ಇನ್ನು ಇಪ್ಪತ್ತು ವರ್ಷಕ್ಕೆ "ಎಲ್ಲಿತನಕ ಬಂದಿತ್ತು?" ಎಂದು ಮಕ್ಕಳು ಕೇಳಿದರೆ ಕೈಮಾಡಿ ತೋರಿಸುವವರು ಇರಬೇಕಲ್ಲ?

ಆದ್ದರಿಂದ ಸುವರ್ಣ ಮಹೋತ್ಸವದ ಈ ವರ್ಷ ನಮ್ಮ ಶಾಲೆಯ ಗುರುಗಳಲ್ಲಿ, ಊರ ಹಿರಿಯರಲ್ಲಿ ನನ್ನದೊಂದು ಬಿನ್ನಹ. ಒಂಬತ್ತನೆಯ ತರಗತಿಯ ಮಕ್ಕಳನ್ನು ದಂಡೆಯ ಊರುಗಳಿಗೆ ಕಳಿಸೋಣ. ಅಜ್ಜ-ಅಜ್ಜಿಯರನ್ನು ಕೇಳಿ ಗುಡಿ, ಶಾಲೆ, ಪಂಚಾಯತಿ ಗೋಡೆಗಳ ಮೇಲೆ ನೀರು ಬಂದ ಎತ್ತರಕ್ಕೆ ಗೆರೆ ಎಳೆದು ವರ್ಷ ಬರೆಯಲಿ. ಎರಡು-ಮೂರು ಜನ ಒಂದೇ ಮಾತು ಹೇಳಿದರೆ ಮಾತ್ರ ಗೆರೆ ಎಳೆಯಲಿ. ಸಿಕ್ಕ ಹಳೆಯ ಫೋಟೋಗಳನ್ನೂ ತಾಳೆ ನೋಡಲಿ. ಅವೆಲ್ಲವನ್ನು ಸೇರಿಸಿ ಕಂಪ್ಯೂಟರಿನಲ್ಲಿ ನಕಾಶೆ ಮಾಡಿಕೊಡುವ ಕೆಲಸ ನನಗಿರಲಿ.

ಇತಿಹಾಸದ ಪಾಠವೆಂದರೆ ರಾಜರ ಹೆಸರು, ಯುದ್ಧದ ಇಸವಿ ಮಾತ್ರವಲ್ಲ. ನಮ್ಮ ಗೋಡೆಯ ಮೇಲಿನ ಒಂದು ಗೆರೆಯೂ ಇತಿಹಾಸವೇ. ಅದು ಮುಂದಿನ ಮಳೆಗಾಲದಲ್ಲಿ ಒಂದು ಮನೆಯನ್ನು, ಒಂದು ಜೀವವನ್ನು ಉಳಿಸಿದರೆ ನಮ್ಮ ಶಾಲೆಯ ಐವತ್ತು ವರ್ಷ ಸಾರ್ಥಕ.