ಮೂರು ಆಯಾಮದ ಕೋಶಕೃಷಿ ಮತ್ತು ಕ್ಯಾನ್ಸರ್ ಸಂಶೋಧನೆ

ಕ್ಯಾನ್ಸರ್ ಕೋಶಗಳನ್ನು ಗಾಜಿನ ಅಥವಾ ಪ್ಲಾಸ್ಟಿಕ್ ತಟ್ಟೆಯ ತಳದಲ್ಲಿ ಒಂದೇ ಪದರವಾಗಿ ಹರಡದೆ, ಗುಂಡಾಗಿ ಕೂಡಿ ಬೆಳೆಯಲು ಬಿಟ್ಟು, ಗೆಡ್ಡೆಯ ಬೆಳವಣಿಗೆಯನ್ನೂ ಔಷಧದ ಪರಿಣಾಮವನ್ನೂ ಪರೀಕ್ಷಿಸುವ ವಿಧಾನ.

1951ರಲ್ಲಿ ಪ್ರಯೋಗಾಲಯದಲ್ಲಿ ನಿರಂತರವಾಗಿ ಬೆಳೆಯಬಲ್ಲ ಹೀಲಾ ಎಂಬ ಮಾನವ ಕ್ಯಾನ್ಸರ್ ಕೋಶಗಳು ಕೈಗೆ ಸಿಕ್ಕ ಮೇಲೆ ಪ್ರಯೋಗಾಲಯಗಳು ಬಹುಕಾಲ ಚಪ್ಪಟೆ ಪದರವನ್ನೇ ನೆಚ್ಚಿಕೊಂಡವು. ಅದು ಅಗ್ಗ, ಸುಲಭ. ಆದರೆ ಅಲ್ಲಿ ಎಲ್ಲ ಕೋಶಗಳಿಗೂ ಆಮ್ಲಜನಕ, ಔಷಧ ಸಮನಾಗಿ ತಲುಪುತ್ತವೆ, ಗೆಡ್ಡೆಯೊಳಗೆ ಹಾಗಾಗುವುದಿಲ್ಲ. 1970ರ ದಶಕದ ಆರಂಭದಲ್ಲಿ ರಾಬರ್ಟ್ ಸದರ್‌ಲ್ಯಾಂಡ್ ಮತ್ತು ಸಂಗಡಿಗರು ಹ್ಯಾಮ್‌ಸ್ಟರ್ ಕೋಶಗಳಿಂದ ಬೆಳೆಸಿದ ಸ್ಫೆರಾಯ್ಡ್‌ಗಳು, ಅಂದರೆ ಕೋಶಗಳ ಗುಂಡುಗಳು, ಈ ಅಂತರವನ್ನು ಕಣ್ಣೆದುರಿಗಿಟ್ಟವು: ಹೊರಗಿನ ಕೋಶಗಳು ವಿಭಜನೆಯಾಗುತ್ತಲೇ ಇದ್ದರೆ, ನಡುವಿನವು ಆಮ್ಲಜನಕ ಸಾಲದೆ ಸಾಯುತ್ತಿದ್ದವು.

ಇರಾನ್ ಮೂಲದ ಮೀನಾ ಬಿಸೆಲ್ ಬರ್ಕ್ಲಿಯಲ್ಲಿ ಇನ್ನೂ ಮುಂದೆ ಹೋದರು. ಕೋಶದ ಸುತ್ತಲಿನ ಪ್ರೋಟೀನುಗಳ ಜಾಲವೇ ಅದರ ನಡತೆಯನ್ನು ತಿದ್ದುತ್ತದೆ ಎಂಬುದು ಅವರ ವಾದ. ಮೊದಮೊದಲು ಅದನ್ನು ಒಪ್ಪಿದವರು ಕಡಿಮೆ. 1997ರಲ್ಲಿ ವ್ಯಾಲರಿ ವೀವರ್ ಜೊತೆ ಪ್ರಕಟಿಸಿದ ಪ್ರಯೋಗದಲ್ಲಿ, ಇಂಟೆಗ್ರಿನ್ ಎಂಬ ಪ್ರೋಟೀನಿಗೆ ತಡೆಯೊಡ್ಡಿದಾಗ ಜೆಲ್‌ನೊಳಗಿನ ಸ್ತನ ಕ್ಯಾನ್ಸರ್ ಕೋಶಗಳು ಸಹಜ ಗ್ರಂಥಿಯಂತೆ ಅಚ್ಚುಕಟ್ಟಾಗಿ ಜೋಡಣೆಗೊಂಡವು. ವಂಶವಾಹಿಗಳ ದೋಷ ಮಾತ್ರ ಇದ್ದಲ್ಲೇ ಇತ್ತು.

ಬಿಸೆಲ್ ಅವರ ಪ್ರಯೋಗಾಲಯದಲ್ಲಿ ದುಡಿದ ರಾಮ್‌ರಾಯ್ ಭಟ್ ಈ ಪರಂಪರೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ತಂದರು. ಅವರ ತಂಡ ಆಯ್ದುಕೊಂಡ ಅಂಡಾಶಯದ ಕ್ಯಾನ್ಸರ್ ಈ ವಿಧಾನಕ್ಕೆ ಹೇಳಿಮಾಡಿಸಿದಂಥದ್ದು. ರೋಗಿಯ ಹೊಟ್ಟೆಯಲ್ಲಿ ತುಂಬುವ ನೀರಿನಲ್ಲಿ ಕೋಶಗಳು ತಾವಾಗಿಯೇ ಗುಂಡುಗಟ್ಟಿ ತೇಲುತ್ತ ಹರಡುತ್ತವೆ. ಅಂದರೆ ಸ್ಫೆರಾಯ್ಡ್ ಇಲ್ಲಿ ಬರೀ ಮಾದರಿಯಲ್ಲ, ರೋಗದ ನಿಜರೂಪವೇ. ತಂಡದ 2021ರ ಪ್ರಬಂಧ ಎರಡು ಹಂತಗಳನ್ನು ಗುರುತಿಸಿತು. ಮೊದಲಿನ ‘ಮೊರುಲಾಯ್ಡ್’ ಗುಂಡುಗಳು ಗಟ್ಟಿ, ಒರಟು, ಒಂದರೊಳಗೊಂದು ಬೆರೆಯುತ್ತವೆ. ಬಳಿಕ ಅವು ನುಣುಪಾದ, ಒಳಗೆ ಟೊಳ್ಳಿರುವ ‘ಬ್ಲಾಸ್ಟುಲಾಯ್ಡ್’ ಆಗುತ್ತವೆ, ಬೆರೆಯುವುದನ್ನು ನಿಲ್ಲಿಸುತ್ತವೆ. ಆ ಹೊತ್ತಿಗೆ ಕೊಲಾಜನ್ 4 ಮತ್ತು ಲ್ಯಾಮಿನಿನ್ ಎಂಬ ಪ್ರೋಟೀನುಗಳು ಮೇಲ್ಮೈಗೆ ಬಂದು ಹೊದಿಕೆ ಕಟ್ಟಿರುತ್ತವೆ. ಕಿಣ್ವದಿಂದ ಆ ಹೊದಿಕೆಯನ್ನು ಕರಗಿಸಿದರೆ ಟೊಳ್ಳು ಸರಿಯಾಗಿ ರೂಪುಗೊಳ್ಳದು.

2009ರಲ್ಲಿ ಹ್ಯಾನ್ಸ್ ಕ್ಲೆವರ್ಸ್ ತಂಡ ಕರುಳಿನ ಕಾಂಡಕೋಶಗಳಿಂದ ಆರ್ಗನಾಯ್ಡ್ ಎಂಬ ಅಂಗದ ಪುಟ್ಟ ಪ್ರತಿರೂಪವನ್ನು ಬೆಳೆಸಿದ ಮೇಲೆ, ರೋಗಿಯದೇ ಗೆಡ್ಡೆಯ ಚೂರನ್ನು ಬೆಳೆಸಿ ಅದರ ಮೇಲೆ ಔಷಧ ಪರೀಕ್ಷಿಸುವ ದಾರಿ ತೆರೆಯಿತು. ಜಠರ ಮತ್ತು ಕರುಳಿನ ಕ್ಯಾನ್ಸರ್ ಕುರಿತ 2018ರ ಅಧ್ಯಯನವೊಂದರಲ್ಲಿ, ಆರ್ಗನಾಯ್ಡ್‌ನಲ್ಲಿ ಫಲಿಸದ ಮದ್ದು ರೋಗಿಯಲ್ಲೂ ಫಲಿಸಲಿಲ್ಲ, ಫಲಿಸಿದ್ದು ಶೇ. 88ರಷ್ಟು ಸಲ ರೋಗಿಯಲ್ಲೂ ಫಲಿಸಿತು. ರೋಗಿಗಳ ಸಂಖ್ಯೆ ಚಿಕ್ಕದಿದ್ದುದನ್ನು ಮರೆಯುವಂತಿಲ್ಲ. ರಕ್ತನಾಳ, ರೋಗನಿರೋಧಕ ಕೋಶಗಳು ಇಂಥ ಬಹುಪಾಲು ಮಾದರಿಗಳಲ್ಲಿ ಇರುವುದಿಲ್ಲ.

2023ರ ತಿದ್ದುಪಡಿಯ ನಂತರ ಭಾರತದ ಹೊಸ ಔಷಧ ನಿಯಮಗಳು ಪ್ರಾಣಿ ಪ್ರಯೋಗದ ಬದಲಿಗೆ ಆರ್ಗನಾಯ್ಡ್‌ಗಳಿಗೂ ಅವಕಾಶ ಕೊಟ್ಟಿವೆ. ವಿಚಿತ್ರವೆಂದರೆ, ಅವನ್ನು ಬೆಳೆಸಲು ಹೆಚ್ಚಾಗಿ ಬಳಸುವ ಮ್ಯಾಟ್ರಿಜೆಲ್ ಎಂಬ ಜೆಲ್ ತಯಾರಾಗುವುದು ಇಂದಿಗೂ ಇಲಿಯ ಗೆಡ್ಡೆಯಿಂದ.