ದಿನಗಳ ಲೆಕ್ಕ: ಗೋಡೆಯಿಂದ ಗಣಕಕ್ಕೆ

ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಅನೇಕ ಮನೆಗಳಲ್ಲಿ ಇಂದು ವರ್ಷದ ಲೆಕ್ಕ ಎರಡು ಕಡೆ ನಡೆಯುತ್ತದೆ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಏಕಾದಶಿ, ಅಮಾವಾಸ್ಯೆ ಇವೆಲ್ಲ ಗೋಡೆಯ ಕ್ಯಾಲೆಂಡರಿನ ಪಾಲು. ಕಚೇರಿಯ ಸಭೆ, ತೆರಿಗೆಯ ಗಡುವು, ಮಕ್ಕಳ ಪರೀಕ್ಷೆ ಮೇಜಿನ ಮೇಲಿನ ಕಂಪ್ಯೂಟರಿನ ಪಾಲು. ಕಂಪ್ಯೂಟರಿನಲ್ಲಿ ದಿನಚರಿ ಇಡಲು ಹತ್ತಾರು ತಂತ್ರಾಂಶಗಳಿವೆ. ಬೆಲೆ ಮತ್ತು ಅಂದ ನೋಡಿ ಆರಿಸುವವರೇ ಹೆಚ್ಚು. ಆದರೆ ದಿನಚರಿಯ ಚರಿತ್ರೆಯನ್ನು ತಿರುವಿ ನೋಡಿದರೆ ಇನ್ನೆರಡು ಪ್ರಶ್ನೆಗಳು ಏಳುತ್ತವೆ. ಬರೆದಿಟ್ಟದ್ದು ಎಷ್ಟು ಕಾಲ ನಮ್ಮ ಕೈಯಲ್ಲಿ ಉಳಿದೀತು? ನಮ್ಮ ದಿನಗಳು ಅದಕ್ಕೆ ಅರ್ಥವಾದಾವೆಯೆ?

1921ರ ಎರಡು ಕಾಗದಗಳು

ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ, 1916ರಲ್ಲಿ, ಬೆಂಗಳೂರು ಪ್ರೆಸ್ ಆರಂಭವಾಯಿತು. ಈ ಮುದ್ರಣಾಲಯ 1921ರಿಂದ ಹೊರತರುತ್ತಿರುವ ಕ್ಯಾಲೆಂಡರ್ ಹಳೆ ಮೈಸೂರಿನ ಮನೆ, ಅಂಗಡಿ, ಕಚೇರಿಗಳ ಗೋಡೆ ಹತ್ತಿತು. ಅಲ್ಲಿಯವರೆಗೆ ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳನ್ನು ಅರಿಯಲು ಪಂಚಾಂಗ ಬಲ್ಲವರನ್ನೇ ಕೇಳಬೇಕಿತ್ತು. ಇಂಗ್ಲಿಷ್ ತಾರೀಕಿನ ಜೊತೆಗೇ ಹಬ್ಬ, ರಜೆಗಳನ್ನು ಹೊತ್ತ ದೊಡ್ಡ ಅಕ್ಷರದ ಹಾಳೆ ಆ ತಿಳಿವಳಿಕೆಯನ್ನು ಅಡುಗೆಮನೆಯವರೆಗೂ ತಂದಿತು.

ಅದೇ 1921ರಲ್ಲಿ ಲಂಡನ್ನಿನಲ್ಲಿ ನಾರ್ಮನ್ ಅಂಡ್ ಹಿಲ್ ಎಂಬ ಸಂಸ್ಥೆ ಹುಟ್ಟಿತು. ಹಾಳೆಗಳನ್ನು ತೆಗೆದು ಹಾಕಬಹುದಾದ ಅದರ ದಿನಚರಿ ಪುಸ್ತಕವೇ ಮುಂದೆ ಹೆಸರಾದ ಫೈಲೋಫ್ಯಾಕ್ಸ್. ಗೋಡೆಯ ಕ್ಯಾಲೆಂಡರ್ ಇಡೀ ಮನೆಯದು. ಈ ಪುಸ್ತಕ ಒಬ್ಬನೇ ಉದ್ಯೋಗಿಯದು. ಕಂಪ್ಯೂಟರಿನ ದಿನಚರಿಗಳು ಎರಡನೆಯದರ ವಂಶಕ್ಕೆ ಸೇರಿದವು. ಮನೆಮಂದಿಗೆಲ್ಲ ಒಂದೇ ನೋಟಕ್ಕೆ ಕಾಣುವ ಗುಣ ಅವಕ್ಕೆ ಹುಟ್ಟಿನಿಂದ ಬಂದದ್ದಲ್ಲ.

ಮೇಜಿನ ಮೇಲಿನ ದಿನಚರಿ

ಬೋರ್ಲ್ಯಾಂಡ್ ಕಂಪನಿಯ ಸೈಡ್‌ಕಿಕ್ 1984ರಲ್ಲಿ ಬಂತು. ಬೇರೆ ಕೆಲಸ ನಡೆದಿರುವಾಗಲೇ ಒಂದೆರಡು ಕೀಲಿ ಒತ್ತಿದರೆ ಕ್ಯಾಲೆಂಡರ್, ಟಿಪ್ಪಣಿ ಪುಸ್ತಕ, ಲೆಕ್ಕದ ಯಂತ್ರ ಪರದೆಯ ಮೇಲೆ ಮೂಡುತ್ತಿದ್ದವು. 1992ರ ಲೋಟಸ್ ಆರ್ಗನೈಸರ್ ಪರದೆಯ ಮೇಲೆ ದಿನಚರಿ ಪುಸ್ತಕವನ್ನೇ ಬಿಡಿಸಿಟ್ಟಿತು. ಬಳಸುವವರು ಅದರ ಪುಟ ತಿರುವಬಹುದಿತ್ತು. 1997ರಲ್ಲಿ ಮೈಕ್ರೋಸಾಫ್ಟ್‌ನ ಔಟ್‌ಲುಕ್ ಅಂಚೆಯನ್ನೂ ದಿನಚರಿಯನ್ನೂ ಒಂದೆಡೆ ಸೇರಿಸಿತು. 2006ರಲ್ಲಿ ಗೂಗಲ್ ಕ್ಯಾಲೆಂಡರ್ ಬಂದ ಮೇಲೆ ದಿನಚರಿ ಮೇಜನ್ನು ಬಿಟ್ಟು ದೂರದ ಗಣಕಗಳಲ್ಲಿ ನೆಲೆಸತೊಡಗಿತು.

ಇವುಗಳ ಆಯಸ್ಸು ಮಾತ್ರ ಕಿರಿದು. ಲೋಟಸ್ ಆರ್ಗನೈಸರಿಗೆ ಐಬಿಎಂ 2014ರಲ್ಲಿ ನೆರವು ನಿಲ್ಲಿಸಿತು. ಮೋಜಿಲ್ಲಾದ ಸನ್‌ಬರ್ಡ್ 2010ರಲ್ಲಿ ನಿಂತಿತು. ಮೈಕ್ರೋಸಾಫ್ಟ್ 2015ರಲ್ಲಿ ಕೊಂಡ ಸನ್‌ರೈಸ್ 2016ರಲ್ಲೂ, ವಂಡರ್‌ಲಿಸ್ಟ್ 2020ರಲ್ಲೂ ಬಾಗಿಲು ಹಾಕಿದವು. ತಮ್ಮ ಬರಹವನ್ನು ಬೇರೆಡೆಗೆ ಸಾಗಿಸುವ ಹೊರೆ ಬಳಸುತ್ತಿದ್ದವರ ಮೇಲೆ ಬಿತ್ತು.

ಯಶವಂತಪುರದ ಆಚೆಗಿನ ಜಾಲಹಳ್ಳಿಯ ಉದಾಹರಣೆ ಇಲ್ಲಿ ನೆನಪಿಗೆ ಬರುತ್ತದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಡನೆ ಎಚ್‌ಎಂಟಿ ಕೈಗಡಿಯಾರ ತಯಾರಿಕೆಗೆ ಇಳಿಯಿತು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಸರ್ಕಾರ 2016ರಲ್ಲಿ ಮುಚ್ಚಿತು. ಆದರೂ ಕೀಲಿ ಕೊಟ್ಟರೆ ಹಳೆಯ ಎಚ್‌ಎಂಟಿ ಗಡಿಯಾರ ಈಗಲೂ ನಡೆಯುತ್ತದೆ. ತಯಾರಿಸಿದವರು ಅಂಗಡಿ ಮುಚ್ಚಿದರೂ ವಸ್ತು ಕೊಂಡವರ ಬಳಿ ಉಳಿಯಿತು. ದೂರದ ಗಣಕವನ್ನು ನಂಬಿದ ದಿನಚರಿಗೆ ಈ ಭಾಗ್ಯವಿಲ್ಲ.

ಈ ತೊಡಕಿಗೆ ಪರಿಹಾರ ದೊರೆತದ್ದು 1998ರಲ್ಲಿ. ಪೈಪೋಟಿಯಲ್ಲಿದ್ದ ಲೋಟಸ್ ಮತ್ತು ಮೈಕ್ರೋಸಾಫ್ಟ್‌ನ ತಂತ್ರಜ್ಞರಿಬ್ಬರು ಸೇರಿ 'ಐಕ್ಯಾಲೆಂಡರ್' ಎಂಬ ಮುಕ್ತ ಮಾದರಿಯನ್ನು ಬರೆದರು. 2009ರಲ್ಲಿ ಅದು ಪರಿಷ್ಕೃತವಾಯಿತು. ಈ ಮಾದರಿಯ ಕಡತವನ್ನು ಒಂದು ತಂತ್ರಾಂಶದಿಂದ ತೆಗೆದು ಮತ್ತೊಂದರಲ್ಲಿ ತೆರೆಯಬಹುದು.

ಚಂದ್ರನ ದಿನ, ಸೂರ್ಯನ ದಿನ

ಎರಡನೆಯ ಪ್ರಶ್ನೆ ಇನ್ನೂ ಹಳೆಯದು. ಮೇಘನಾದ ಸಾಹಾ ಅಧ್ಯಕ್ಷತೆಯಲ್ಲಿ 1952ರಲ್ಲಿ ಪಂಚಾಂಗ ಸುಧಾರಣಾ ಸಮಿತಿ ರಚನೆಯಾದಾಗ ದೇಶದಲ್ಲಿ ಸುಮಾರು 30 ಬಗೆಯ ಪಂಚಾಂಗಗಳು ಬಳಕೆಯಲ್ಲಿದ್ದವು. ಸಮಿತಿಯ ಶಿಫಾರಸಿನಂತೆ 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಶಕ ಪಂಚಾಂಗ ಜಾರಿಗೆ ಬಂತು. ಅದು ಸೌರಮಾನದ್ದು. ಕನ್ನಡನಾಡಿನ ಬಹುಭಾಗದ ಹಬ್ಬಗಳಾದರೋ ಚಾಂದ್ರಮಾನದವು.

'ಪ್ರತಿ ವರ್ಷ ಇದೇ ದಿನ ನೆನಪಿಸು' ಎಂದು ಕಂಪ್ಯೂಟರಿಗೆ ಹೇಳಿದರೆ ಅದು ಇಂಗ್ಲಿಷ್ ತಾರೀಕನ್ನೇ ಹಿಡಿಯುತ್ತದೆ. ಯಲಹಂಕದ ಆಚೆ ರಾಗಿ ಬೆಳೆಯುವವರ ಮಳೆ ನಕ್ಷತ್ರಗಳಿಗೆ ಇದು ಸಾಕು. ಅವು ಸೂರ್ಯನನ್ನು ಅನುಸರಿಸುವುದರಿಂದ ಆರಿದ್ರ ಮಳೆ ವರ್ಷವರ್ಷವೂ ಜೂನ್ 22ರ ಆಸುಪಾಸಿನಲ್ಲೇ ಹುಟ್ಟುತ್ತದೆ. ಯುಗಾದಿ ಹಾಗಲ್ಲ. 2023ರಲ್ಲಿ ಮಾರ್ಚ್ 22, 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30. ಚಾಂದ್ರಮಾನ ವರ್ಷ ಸುಮಾರು 354 ದಿನಗಳದ್ದು. ಸೌರ ವರ್ಷಕ್ಕಿಂತ 11 ದಿನ ಕಡಿಮೆ. ಈ ಕೊರತೆಯನ್ನು ತುಂಬಲು ಸುಮಾರು ಎರಡೂಮುಕ್ಕಾಲು ವರ್ಷಕ್ಕೊಮ್ಮೆ ಅಧಿಕ ಮಾಸ ಬರುತ್ತದೆ.

ಹಬ್ಬದ ತಾರೀಕು ತಪ್ಪಿದರೆ ಅಕ್ಕಪಕ್ಕದವರು ತಿದ್ದಿಯಾರು. ಹಿರಿಯರ ತಿಥಿಯನ್ನು ನೆನಪಿಸಲು ಬೇರೆ ಯಾರೂ ಇರುವುದಿಲ್ಲ. ತಂದೆ ತೀರಿಕೊಂಡ ತಾರೀಕನ್ನು ಕಂಪ್ಯೂಟರಿನಲ್ಲಿ ದಾಖಲಿಸಿದ ಮಗನಿಗೆ ಮರುವರ್ಷ ಅದು ತೋರಿಸುವ ದಿನ ಶ್ರಾದ್ಧದ ದಿನವಲ್ಲ. 2015ರಲ್ಲಿ ಐಕ್ಯಾಲೆಂಡರ್ ಮಾದರಿಗೆ ಚೀನೀ, ಯಹೂದಿ ಮುಂತಾದ ಬೇರೆ ಪಂಚಾಂಗಗಳ ಆವರ್ತನೆಯನ್ನು ಬರೆಯುವ ಕ್ರಮ ಸೇರಿತು. ಸಾಮಾನ್ಯ ಬಳಕೆಯಲ್ಲಿ ಮಾತ್ರ ನಮ್ಮ ತಿಥಿಗಳನ್ನು ವರ್ಷವರ್ಷವೂ ಗೋಡೆಯಿಂದ ನೋಡಿ ಕಂಪ್ಯೂಟರಿಗೆ ಇಳಿಸುವುದೇ ನಂಬಿಕೆಯ ದಾರಿ. ಯುಗಾದಿಯ ದಿನ ಪಂಚಾಂಗ ಶ್ರವಣ ಮಾಡುವ ನಾಡಿಗೆ ಇದೇನೂ ಹೊಸ ಕೆಲಸವಲ್ಲ.

ಆರಿಸುವ ಬಗೆ

ಹೀಗಾಗಿ ತಂತ್ರಾಂಶ ಆರಿಸುವವರು ಮೊದಲು ನೋಡಬೇಕಾದದ್ದು ಹೊರಬರುವ ಬಾಗಿಲನ್ನು. ಬರೆದದ್ದನ್ನೆಲ್ಲ ಐಕ್ಯಾಲೆಂಡರ್ ಕಡತವಾಗಿ ತೆಗೆದಿಡಲು ಬರುತ್ತದೆಯೆ? ಅಂತರ್ಜಾಲ ಇಲ್ಲದಾಗಲೂ ದಿನಚರಿ ತೆರೆಯುತ್ತದೆಯೆ? ಯುನಿಕೋಡ್ ಕನ್ನಡದಲ್ಲಿ ಬರೆದ ಹೆಸರನ್ನು ಹುಡುಕಿದರೆ ಸಿಗುತ್ತದೆಯೆ? ಯುನಿಕೋಡಿಗೆ ಮುಂಚಿನ ಅಕ್ಷರ ವಿನ್ಯಾಸಗಳಲ್ಲಿ ಬರೆದಿಟ್ಟದ್ದು ಬೇರೆ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಂಡ ಕಷ್ಟ ಅನೇಕರಿಗೆ ಗೊತ್ತು. ಕೆಲಸ ಚಿಕ್ಕದಾದರೆ ಸಾದಾ ಪಠ್ಯದ ಕಡತವೂ ಆದೀತು. ಖಗೋಳ ವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ 2003ರಲ್ಲಿ ಆರಂಭಿಸಿದ ಆರ್ಗ್ ಮೋಡ್ ನಿಂತಿರುವುದು ಇಂಥ ಸಾದಾ ಕಡತಗಳ ಮೇಲೆಯೇ.

ಬಣ್ಣ, ಗಂಟೆಯ ದನಿ, ಪುಟದ ಅಂದ ಇವೆಲ್ಲ ಆಮೇಲಿನ ಮಾತು. ತಂತ್ರಾಂಶ ಎಂದಾದರೊಂದು ದಿನ ನಿಲ್ಲುತ್ತದೆ. ಅದರಲ್ಲಿ ಬರೆದ ಮದುವೆ, ಮನೆಯೊಕ್ಕಲು, ತಿಥಿಗಳು ನಿಲ್ಲಬಾರದು.