ಕಂಪನಿ ಮುಚ್ಚಿದ ಗಾಡಿ (ಭಾಗ 3)

ಹಳೇ ಯೆಜ್ಡಿ ತಗೊಂಡೆ ಅಂದಾಗ ಕೊಟ್ಟೂರಿನ ಗೆಳೆಯರು ನಕ್ಕರು: "ಲೇ, ಇದರ ಕಂಪನಿನೇ ಇಲ್ಲಲ್ಲೋ!"

ನಿಜ. ಮೈಸೂರಿನ ಐಡಿಯಲ್ ಜಾವಾ 1961ರಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಬೈಕನ್ನ ಇಲ್ಲೇ ತಯಾರಿಸೋಕೆ ಶುರು ಮಾಡ್ತು. 1973ರಿಂದ ಹೆಸರು ಯೆಜ್ಡಿ. 80ರ ದಶಕದಲ್ಲಿ ಕಡಿಮೆ ಪೆಟ್ರೋಲ್ ಕುಡಿಯೋ ಜಪಾನಿ ತಂತ್ರಜ್ಞಾನದ 100 ಸಿಸಿ ಬೈಕ್ ಬಂದವು, ಆಮೇಲೆ ಹೊಗೆ ನಿಯಮ ಬಿಗಿಯಾಯ್ತು. 1996ರಲ್ಲಿ ಕಾರ್ಖಾನೆಗೆ ಬೀಗ. ನಾನಿನ್ನೂ ಹುಟ್ಟಿರಲಿಲ್ಲ.

ಇದು ಟೂ ಸ್ಟ್ರೋಕ್. ಪೆಟ್ರೋಲಿಗೆ ಆಯಿಲ್ ಬೆರೆಸಲೇಬೇಕು. ಮರೆತೆ. ಹರಪನಹಳ್ಳಿ ರಸ್ತೇಲಿ ಪಿಸ್ಟನ್ ಜಾಮ್! ಕೂಡ್ಲಿಗಿಯ ವಯಸ್ಸಾದ ಮೆಕ್ಯಾನಿಕ್ ಬಿಚ್ಚಿ ಸರಿ ಮಾಡಿದ್ರು. "ಕಂಪನಿ ಹೋದ್ರೇನು ತಮ್ಮಾ, ಕೈ ಅದಾವಲ್ಲ" ಅಂದ್ರು.

ಬಿಕಾಂ ಲೆಕ್ಕದಲ್ಲಿ ಡಿಪ್ರಿಸಿಯೇಷನ್ ಕಳೆದ್ರೆ ಈ ಗಾಡಿ ಬೆಲೆ ಸೊನ್ನೆ. ಆದ್ರೆ ಆ ಕೈಗಳ ಬೆಲೆ ಯಾವ ಲೆಜರಲ್ಲೂ ಇಲ್ಲ. ಅವರ ನಂತರ ಯಾರು? ಅದಕ್ಕೇ ಈಗ ಭಾನುವಾರ ಅವರ ಹತ್ರ ಸ್ಪ್ಯಾನರ್ ಹಿಡಿಯೋದು ಕಲೀತಿದೀನಿ.